ಒಂದು ವನ್ನೇರಕ್ಕೆ ಇಬ್ಬರು

ಒಬ್ಬರು ಬಾಯಿ ಮುಚ್ಚಿ ಅಭಿನಯಿಸುವುದು, ಉಳಿದವರು ಊಹಿಸಿ ಕೂಗುವುದು: ಮಕ್ಕಳ ಶಿಬಿರದ ಈ ಚೀಟಿ ಆಟದ ಬಗ್ಗೆ ಗಂಭೀರವಾಗಿ ವಾದ ಹೂಡುವುದು ನನ್ನ ವಯಸ್ಸಿಗೆ ಶೋಭೆಯಲ್ಲ. ಆದರೂ ಹೂಡುತ್ತೇನೆ, ಖುಷಿಯಿಂದಲೇ. ಔರಾದದಂಥ ಗಡಿಯೂರಿನಲ್ಲಿ ಇದನ್ನು ಎರಡು ತಂಡ ಮಾಡಿ ಆಡಿಸಬಾರದು; ಇಡೀ ಗುಂಪು ಒಂದೇ ತಂಡವಾಗಿ ಗಡಿಯಾರದ ವಿರುದ್ಧ ಆಡಬೇಕು. ಪೈಪೋಟಿಗೆ ಬಿದ್ದರೆ ಮಕ್ಕಳ ಜಾಣತನವೆಲ್ಲ ಎದುರಾಳಿಗೆ ತಿಳಿಯದಂಥ ಚೀಟಿ ಬರೆಯುವುದಕ್ಕೇ ಖರ್ಚಾಗುತ್ತದೆ. ತಿಳಿಯದಂತೆ ಬರೆಯುವ ವಿದ್ಯೆಯನ್ನು ಎಳವೆಯಲ್ಲೇ ಕಲಿಸುವ ಅಗತ್ಯವಿಲ್ಲ. ಮುಂದೆ ಕಚೇರಿ ಸೇರಿದರೆ ತಾನಾಗಿ ಬರುತ್ತದೆ.

ಸಾಕ್ಷಿಗೆ ಒಂದು ಚೀಟಿ ಬಿಚ್ಚೋಣ. ಅದರಲ್ಲಿ 'ವನ್ನೇರ' ಎಂದಿದೆ ಅನ್ನಿ. ಈ ಸೀಮೆಯ ದೇವಣಿ ದನದ ತಳಿಯಲ್ಲಿ ಮೂರು ಬಗೆ: ಬಹುತೇಕ ಬಿಳಿಯ ಬಾಳಂಕ್ಯ, ಬಿಳಿ ಮೈಗೆ ಕಪ್ಪು ಮಚ್ಚೆಯ ಶೇವೇರ, ಬಿಳಿ ಮೈಯ ಕರಿಮೋರೆಯ ವನ್ನೇರ. ಎತ್ತಾಗುವುದು ಸುಲಭ; ಹುಡುಗ ಎರಡು ಬೆರಳು ಎತ್ತಿದರೆ ಕೋಡು. ಬಣ್ಣಕ್ಕೇನು ಮಾಡಬೇಕು? ಭರತಮುನಿಯ ನಾಲ್ಕು ಅಭಿನಯಗಳಲ್ಲಿ ವಾಚಿಕಕ್ಕೆ ಇಲ್ಲಿ ನಿಷೇಧ. ಆಹಾರ್ಯಕ್ಕೆ ಬಣ್ಣದ ಡಬ್ಬಿ ಕೊಟ್ಟಿಲ್ಲ. ಆಂಗಿಕಕ್ಕೋ, ಬೇಕೆಂದಾಗ ಕಪ್ಪಾಗುವ ಅಂಗವಿಲ್ಲ. ಹುಡುಗ ಮುಖ ಮುಚ್ಚಿಕೊಳ್ಳುತ್ತಾನೆ. "ಎತ್ತಿಗಿ ನಾಚಿಕಿ!" ಕೆನ್ನೆ ಉಜ್ಜುತ್ತಾನೆ. "ಎತ್ತು ದಾಡಿ ಮಾಡ್ಕೋತದ!" ಕತ್ತಲಲ್ಲಿ ತಡಕಾಡುತ್ತಾನೆ. "ಕರೆಂಟ್ ಹೋತು!" ಮುಖಕ್ಕೆ ಮಸಿ ಬಳಿದಂತೆ ಮಾಡುತ್ತಾನೆ. "ಎತ್ತು ಎಲೆಕ್ಷನ್‌ಗೆ ನಿಂತದ!" ಪೈಪೋಟಿಯಲ್ಲಾದರೆ ಈ ಎತ್ತಿಗೆ ಇಲ್ಲೇ ಸಮಾಧಿ. ಒಂದೇ ತಂಡದ ಆಟದಲ್ಲಿ ಸಹಾಯಕ್ಕೆ ಒಬ್ಬರನ್ನು ಕರೆಯಬಹುದು. ಬಂದವಳು ಚೀಟಿ ಓದಿ, ಬಿಳಿ ಅಂಗಿಯ ಹುಡುಗನನ್ನು ಬಗ್ಗಿಸಿ, ಅವನ ಮುಂದೆ ತಾನೂ ಬಗ್ಗಿ, ಎಣ್ಣೆ ಹಚ್ಚಿದ ತನ್ನ ಕರಿತಲೆಯನ್ನು ಮುಂದಕ್ಕೆ ಚಾಚಿ, ಎರಡು ಜಡೆ ಎತ್ತಿ ಹಿಡಿಯುತ್ತಾಳೆ. ಬಿಳಿ ಮೈ, ಕರಿ ಮೋರೆ, ಕಾರಹುಣ್ಣಿಮೆಗೆ ಸಿಂಗರಿಸಿದಂತೆ ರಿಬ್ಬನ್ ಕಟ್ಟಿದ ಕೋಡು! ಒಬ್ಬನಿಂದ ಆಗದ ವನ್ನೇರ ಇಬ್ಬರಿಂದ ಆಯಿತು. ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿಯಾದ, ನಾಲ್ಕು ಕಾಲಿನ ಆಧಾರ ಸಿಗಲಾರದು.

ಸೋಲು ಗೆಲುವಿಲ್ಲದ ಆಟ ಸಪ್ಪೆ ಎನ್ನುವವರಿದ್ದಾರೆ. ಗಡಿಯಾರ ಧಾರಾಳವಾಗಿ ಸೋಲಿಸುತ್ತದೆ, ಚಿಂತೆ ಬೇಡ. ಓದಲು ತಡವರಿಸುವ ಮಕ್ಕಳಿಗೆ ಬಾಯಿ ಮುಚ್ಚುವ ಆಟವೇಕೆ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಬಾಯಿ ಮುಚ್ಚುವವರು ಒಬ್ಬಿಬ್ಬರು; ಉಳಿದವರೆಲ್ಲ ಕೂಗುವವರೇ. ಮಹಾರಾಷ್ಟ್ರ, ತೆಲಂಗಾಣ ಎರಡಕ್ಕೂ ಅಂಟಿಕೊಂಡ ಈ ತಾಲ್ಲೂಕಿನಲ್ಲಿ ಉತ್ತರ ಮರಾಠಿ, ದಖನಿ, ತೆಲುಗು, ಲಂಬಾಣಿ ಯಾವುದರಲ್ಲಿ ಬಂದರೂ ಒಪ್ಪೋಣ. ಆಮೇಲೆ ಎಲ್ಲರೂ ಅದನ್ನು ಕನ್ನಡದಲ್ಲೊಮ್ಮೆ ಹೇಳಲಿ. ತಾಂಡಾದಿಂದ ಬಂದು, ಪಾಠದ ಭಾಷೆ ಹಿಡಿತಕ್ಕೆ ಸಿಗದೆ ತುಟಿ ಬಿಚ್ಚದ ಮಗುವಿಗೆ ದಡ್ಡತನದ ಹಣೆಪಟ್ಟಿ ಬಲುಬೇಗ ಅಂಟುತ್ತದೆ. ಈ ಆಟದಲ್ಲಿ ಅದರ ಮೌನಕ್ಕೆ ಬೆಲೆಯಿದೆ. ಅರ್ಥಮಾಡಿಕೊಳ್ಳುವ ಹೊಣೆ ಎದುರು ಕುಳಿತವರದು. ತರಗತಿಯಲ್ಲೂ ಹಾಗೇ ಇರಬೇಕಿತ್ತು.

ನಿಜವಾದ ಅಡ್ಡಿ ಸಂಘಟಕರು. ಚೀಟಿಯಲ್ಲಿ 'ಪ್ರಾಮಾಣಿಕತೆ', 'ಭಾವೈಕ್ಯ' ಎಂದೆಲ್ಲ ಬರೆದಿಟ್ಟು, ಮಕ್ಕಳು ಹೈರಾಣಾದ ಮೇಲೆ ಅದರ ಮೇಲೆಯೇ ಭಾಷಣ ಬಿಗಿಯುತ್ತಾರೆ. ನಿಯಮಕ್ಕೆ ಒಂದು ತಿದ್ದುಪಡಿ ಸಾಕು: ಅಂಥ ಪದ ಬರೆದವರೇ ಅದನ್ನು ಎರಡು ನಿಮಿಷದಲ್ಲಿ, ಬಾಯಿ ಮುಚ್ಚಿ ಮಾಡಿ ತೋರಿಸಲಿ. ಸಹಾಯಕ್ಕೆ ಒಬ್ಬರನ್ನು ಕರೆಯಲು ಅವರಿಗೂ ಅವಕಾಶವುಂಟು.