ಜಾವಾ ಅಂಕಲ್ ಮತ್ತು ಗಿಟಾರಿನ ಕತ್ತು

ಮೈಸೂರಿನ ಯಾವ ಬಡಾವಣೆಗೆ ಹೋದರೂ ಒಬ್ಬ ಜಾವಾ ಅಂಕಲ್ ಸಿಕ್ಕೇ ಸಿಗುತ್ತಾರೆ. ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ದುಡಿದ ಅಂಕಲ್ ಮಾತ್ರ ಇನ್ನೂ ಡ್ಯೂಟಿಯಲ್ಲಿದ್ದಾರೆ. ಕಾಂಪೌಂಡಿನೊಳಗೆ ಟಾರ್ಪಾಲು ಹೊದ್ದ ಯೆಜ್ಡಿ ಬೈಕ್, ಜಗಲಿಯ ಮೇಲೆ ಸ್ಪ್ಯಾನರ್ ಪೆಟ್ಟಿಗೆ, ಮೈಮೇಲೆ ಬನಿಯನ್ನು, ಎತ್ತಿ ಕಟ್ಟಿದ ಪಂಚೆ. ಯಾರಾದರೂ ಏನಾದರೂ ಹಿಡಿದು ಬಂದರೆ ಒಂದು ಕಣ್ಣು ಮುಚ್ಚಿ, ಅದನ್ನು ಮೂಗಿನ ನೇರಕ್ಕೆ ಎತ್ತಿ, ಉದ್ದಕ್ಕೂ ದಿಟ್ಟಿಸುತ್ತಾರೆ. ಕ್ರಿಕೆಟ್ ಬ್ಯಾಟಾಗಲಿ, ಬಾಗಿಲ ಚೌಕಟ್ಟಾಗಲಿ, ಮಗಳನ್ನು ನೋಡಲು ಬಂದ ವರನ ಬೆನ್ನಾಗಲಿ, ತೀರ್ಪು ಒಂದೇ: "ಬೆಂಡ್ ಇದೆ."

ಇಂಥವರ ಜಗಲಿಗೆ ಎದುರುಮನೆಯ ಇಂಜಿನಿಯರಿಂಗ್ ಹುಡುಗ ಒಂದು ಸೆಕೆಂಡ್‌ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್ ಹೊತ್ತು ತಂದ.

"ಎಷ್ಟು ಕೊಟ್ಟೆ?"

"ನಾಲ್ಕು ಸಾವಿರ ಅಂಕಲ್."

"ಟೋಪಿ ಹಾಕಿದಾರೆ ಕಣೋ ಮರಿ."

ಗಿಟಾರ್ ಇನ್ನೂ ಚೀಲದಿಂದ ಹೊರಗೇ ಬಂದಿರಲಿಲ್ಲ.

ಅಂಕಲ್‌ಗೆ ಸರಿಗಮದ ಗಂಧವೂ ಇಲ್ಲ. ಕೇಳಿದರೆ, ರಷ್ಯಾದ ಸಂಯೋಜಕ ಮೆಟ್ನರ್ ಅವರ ಸಂಗೀತವನ್ನು ದುಡ್ಡು ಸುರಿದು ಲಂಡನ್ನಿನಲ್ಲಿ ರೆಕಾರ್ಡ್ ಮಾಡಿಸಿದ್ದು ನಮ್ಮ ಜಯಚಾಮರಾಜ ಒಡೆಯರು ತಾನೇ, ಎಂದು ತಿರುಗಿ ಕೇಳುತ್ತಾರೆ. ಮಹಾರಾಜರ ಊರಿನವರಿಗೆ ಅಷ್ಟು ಅರ್ಹತೆ ಸಾಕಂತೆ.

ಆದರೆ ಕೆಲಸಕ್ಕೆ ಕೂತರೆ ಮನುಷ್ಯ ಬೇರೆಯೇ. ಬಿಗಿ ತಪ್ಪಿದ್ದ ತಂತಿಗಳನ್ನು ಹುಡುಗನಿಂದಲೇ ಶ್ರುತಿ ಮಾಡಿಸಿದರು. "ಲೋಡ್ ಇಲ್ಲದೆ ನೋಡಿದ್ರೆ ಅದು ಚೆಕಿಂಗೇ ಅಲ್ಲ." ಮಾತು ನಿಜ. ಆರು ತಂತಿಗಳೂ ಸೇರಿ ಕತ್ತನ್ನು ನಲವತ್ತು ಕಿಲೋಗೂ ಮಿಕ್ಕಿ ಜಗ್ಗುತ್ತಿರುತ್ತವೆ. ವರ್ಷಗಟ್ಟಲೆ ಹಾಗೆ ಜಗ್ಗಿಸಿಕೊಂಡ ಮರ ಮುಂದಕ್ಕೆ ಬಾಗದೆ ಇನ್ನೇನು ಮಾಡೀತು? ಕತ್ತಿನ ಮೇಲಿನ ಅಡ್ಡಪಟ್ಟಿಗಳಿಗೆ ಫ್ರೆಟ್ ಎನ್ನುತ್ತಾರೆ; ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒತ್ತಿ ಹಿಡಿಯಲು ಹೇಳಿದರು. ಬಿಗಿದ ತಂತಿಯೇ ಅಳತೆಪಟ್ಟಿ. ಯೆಜ್ಡಿಯ ಪಾಯಿಂಟ್ ಗ್ಯಾಪ್ ನೋಡುವ ಫೀಲರ್ ಗೇಜನ್ನು ತೆಗೆದು, ಏಳನೇ ಫ್ರೆಟ್ಟಿನ ಮೇಲೆ ತಂತಿಯ ಅಡಿಗೆ ತೂರಿಸಿದರು. ಕಾಲು ಮಿಲಿಮೀಟರ್ ಸಂದಿ ಇದ್ದರೆ ಸರಿ. ಇಲ್ಲಿ ಒಂದು ಮಿಲಿಮೀಟರಿನ ಎಲೆ ಸಲೀಸಾಗಿ ನುಗ್ಗಿತು.

"ನೋಡು, ಲಾರಿ ಹೋಗತ್ತೆ ಇದರಲ್ಲಿ!"

ಮತ್ತೆ ಒಂದು ಕಣ್ಣು ಮುಚ್ಚಿದರು. ಈ ಸಲ ನೋಡಿದ್ದು ಕತ್ತು ತಿರುಚಿಕೊಂಡಿದೆಯೇ ಎಂದು. ಬಾಗಿದ್ದನ್ನು ಹಿಂದಕ್ಕೆ ಎಳೆಯಬಹುದು, ತಿರುಚಿದ್ದು ಒಳಗಿನ ಸರಳಿಗೆ ಬಗ್ಗುವುದಿಲ್ಲ. ಪುಣ್ಯಕ್ಕೆ ತಿರುಚಿರಲಿಲ್ಲ. ಕತ್ತಿನೊಳಗೆ ಇಂಥ ಸರಳನ್ನು ಹೂತಿಡುವ ಉಪಾಯಕ್ಕೆ ಅಮೆರಿಕದ ಗಿಬ್ಸನ್ ಕಂಪನಿ 1920ರ ದಶಕದಲ್ಲೇ ಪೇಟೆಂಟ್ ಪಡೆದಿತ್ತು. ಟ್ರಸ್ ರಾಡ್ ಎಂಬ ಆ ಹೆಸರನ್ನು ಅಂಕಲ್ ಕೇಳಿದ್ದು ಅವತ್ತೇ. "ಚೈನ್ ಅಡ್ಜಸ್ಟರ್ ಅನ್ನು ಮತ್ತೆ!" ಎಂದು ಅಲೆನ್ ಕೀ ಹಾಕಿದರು.

"ಪೂರ್ತಿ ಟೈಟ್ ಮಾಡ್ಬಿಡಿ ಅಂಕಲ್."

"ಮುರಿದು ಕೈಗೆ ಬರತ್ತೆ. ಕಾಲು ಸುತ್ತು. ಆಮೇಲೆ ಕಾಫಿ. ಮರಕ್ಕೂ ಸುಧಾರಿಸ್ಕೊಳ್ಳೋಕೆ ಟೈಮ್ ಬೇಕು."

ಕಾಲು ಸುತ್ತು, ಕಾಫಿ, ಶ್ರುತಿ, ಗೇಜು. ಪುನಃ ಕಾಲು ಸುತ್ತು. ಒಳಗಿನಿಂದ ಆಂಟಿಯ ದನಿ ಬಂತು: "ಆ ಗಿಟಾರಿಗೆ ಇನ್ನೂ ಎಷ್ಟು ಲೋಟ ಬೇಕಂತೆ?"

ಕತ್ತು ನೇರವಾದರೂ ತಂತಿಗಳು ಕೆಳಗಿನ ಫ್ರೆಟ್ಟುಗಳ ಮೇಲೆ ಎತ್ತರದಲ್ಲೇ ನಿಂತಿದ್ದವು. ತಂತಿ ಸಡಿಲಿಸಿ, ಹಿಂಬದಿಯ ನಾಲ್ಕು ಸ್ಕ್ರೂ ಬಿಚ್ಚಿ, ಕತ್ತು ಕೂರುವ ಗೂಡಿನ ಒಳತುದಿಗೆ ರಟ್ಟಿನ ಚೂರೊಂದನ್ನು ಇಟ್ಟರು. ಅರಿಶಿನ ಹಚ್ಚಿದ ಮದುವೆ ಕಾರ್ಡಿನದು ಅದು, "ಸುಖಾಗಮನ ಬಯಸುವ" ಎಂಬ ಸಾಲು ಇದ್ದ ಭಾಗ. ಕತ್ತು ಕೂದಲೆಳೆಯಷ್ಟು ಹಿಂದಕ್ಕೆ ವಾಲಿತು, ತಂತಿಗಳು ಇಳಿದವು. ಹುಡುಗ ಆಂಪ್ಲಿಫೈಯರ್‌ಗೆ ವೈರು ಸಿಕ್ಕಿಸಿ ಬಾರಿಸಿದ. ಬೀದಿ ನಾಯಿಗಳು ಎದ್ದು ನಿಂತವು.

"ಇದೇನೋ, ಹೀಗೆ ಕಿರುಚತ್ತೆ?"

"ಅದು ಡಿಸ್ಟಾರ್ಷನ್ ಅಂಕಲ್."

"ಹೆದರ್ಬೇಡ, ನಾಳೆ ಬಾ. ಅದನ್ನೂ ಸರಿ ಮಾಡೋಣ."

ನಿಮ್ಮ ಅಟ್ಟದಲ್ಲೂ ಹಳೇ ಗಿಟಾರ್ ಇದ್ದರೆ ಸಂಕೋಚ ಬಿಟ್ಟು ಇಂಥವರ ಹತ್ತಿರ ಒಯ್ಯಿರಿ, ಮಜೂರಿ ತೆಗೆದುಕೊಳ್ಳುವುದಿಲ್ಲ. ಬೆಲೆ ಕೇಳಿದಾಗ ಮಾತ್ರ ಕೊಟ್ಟಿದ್ದರ ಅರ್ಧ ಹೇಳಿ. ಅದಕ್ಕೂ ಟೋಪಿ ಅಂತಲೇ ಅನ್ನುತ್ತಾರೆ, ಆದರೆ ನಿಮ್ಮ ಹೊಟ್ಟೆ ಉರಿಯುವುದು ಅರ್ಧಕ್ಕೆ ಇಳಿಯುತ್ತದೆ.