ಡಿಂಗಿ ಪಂದ್ಯದ ನಿಯಮಾವಳಿಗೆ ಗೌನಿಪಲ್ಲಿಯ ಬಿನ್ನವತ್ತಳೆ

ಮನುಷ್ಯರು ಕಟ್ಟಿದ ಅದ್ಭುತಗಳ ಮಾತೆತ್ತಿದರೆ ನಮ್ಮವರು ಬೇಲೂರು ಹಳೇಬೀಡಿನ ಹೆಸರು ಹೇಳಿ ಸುಮ್ಮನಾಗುತ್ತಾರೆ. ಸಣ್ಣ ಹಾಯಿದೋಣಿ ಕ್ಲಬ್ಬೊಂದರ ಪಂದ್ಯದ ನಿಯಮಾವಳಿಯನ್ನು ಅವರು ಓದಿಲ್ಲ ಎನ್ನಲು ಬೇರೆ ಸಾಕ್ಷಿ ಬೇಡ. ಏಳೆಂಟು ಅಡಿಯಿಂದ ಹದಿನೈದು ಹದಿನಾರು ಅಡಿಯವರೆಗಿನ, ಒಬ್ಬರೋ ಇಬ್ಬರೋ ಮಂಡಿ ಮಡಚಿ ಕೂರುವ ಡಿಂಗಿಯೆಂಬ ಪುಟ್ಟ ದೋಣಿ ಗಾಳಿಯ ಬಲದಿಂದ ಹೊರಟು, ನೀರಿನಲ್ಲಿ ತೇಲಬಿಟ್ಟ ಎರಡು ಮೂರು ಗುರುತುಗಳನ್ನು ಸುತ್ತಿ, ಹೊರಟ ಕಡೆಗೇ ಮರಳಬೇಕು. ಕೆಲಸ ಇಷ್ಟೇ. ಇಷ್ಟೇ ಕೆಲಸಕ್ಕೆ ಏಳು ಭಾಗಗಳ ಒಂದು ಸಂಹಿತೆಯನ್ನು ರಚಿಸಿ, ಅದಕ್ಕೆ ಇಂಗ್ಲಿಷ್ ಅಕ್ಷರಮಾಲೆಯ ಬಹುಪಾಲನ್ನು ಖರ್ಚುಮಾಡಿ ಅನುಬಂಧಗಳನ್ನು ಹೊಲಿದು, ಅದರ ಮೇಲೆ ಪಂದ್ಯದ ಪ್ರಕಟಣೆ, ಪ್ರಕಟಣೆಯ ಮೇಲೆ ಸೇಲಿಂಗ್ ಸೂಚನೆಗಳು, ಸೂಚನೆಗಳ ಮೇಲೆ ಅಂದು ಬೆಳಿಗ್ಗೆ ನೋಟಿಸ್ ಬೋರ್ಡಿಗೆ ಅಂಟಿಸಿದ ತಿದ್ದುಪಡಿ, ಹೀಗೆ ಅಂತಸ್ತಿನ ಮೇಲೆ ಅಂತಸ್ತು ಏರಿಸಿ, ಕೊನೆಗೆ ದೋಣಿಯೇ ಕಣ್ಣಿಗೆ ಬೀಳದಷ್ಟು ಎತ್ತರಕ್ಕೆ ಕೊಂಡೊಯ್ದ ಮಹನೀಯರ ಮುಂದೆ ಹೊಯ್ಸಳರ ಶಿಲ್ಪಿಗಳು ಕೈಮುಗಿದು ನಿಲ್ಲಬೇಕು.

ಈ ಸಂಹಿತೆಯನ್ನು ಕಾಪಾಡುವ ವರ್ಲ್ಡ್ ಸೇಲಿಂಗ್ ಸಂಸ್ಥೆ ಹುಟ್ಟಿದ್ದು 1907ರಲ್ಲಿ, ಪ್ಯಾರಿಸ್ಸಿನಲ್ಲಿ. ನಾಲ್ಕು ವರ್ಷಕ್ಕೊಮ್ಮೆ ಅದು ನಿಯಮಗಳನ್ನು ಪರಿಷ್ಕರಿಸುತ್ತದೆ. ಈಗ ಜಾರಿಯಲ್ಲಿರುವುದು 2025ರಿಂದ 2028ರವರೆಗಿನದು. ಸದಸ್ಯರು ಹಳೆಯ ಪುಸ್ತಕವನ್ನು ಅರ್ಥಮಾಡಿಕೊಂಡುಬಿಡುವ ಅಪಾಯ ತಲೆದೋರುವ ಹೊತ್ತಿಗೆ ಸರಿಯಾಗಿ ಹೊಸ ಪುಸ್ತಕ ಕೈಗೆ ಬರುವಂತೆ ಕಾಲವನ್ನು ಲೆಕ್ಕಹಾಕಿದ ಈ ದೂರದೃಷ್ಟಿಯನ್ನು ನಮ್ಮ ಪಠ್ಯಪುಸ್ತಕ ಸಮಿತಿಗಳು ಇನ್ನೂ ಪೂರ್ತಿ ಕೈವಶ ಮಾಡಿಕೊಂಡಿಲ್ಲ.

ಪಂದ್ಯದ ಆರಂಭವನ್ನೇ ನೋಡಿ. ಹಳ್ಳಿಯ ಹುಡುಗರು ಓಟಕ್ಕೆ ನಿಂತರೆ ‘ಒಂದು, ಎರಡು, ಮೂರು’ ಎಂದು ಓಡಿಬಿಡುತ್ತಾರೆ. ಎಂಥ ಅವಸರ, ಎಂಥ ಬಡತನ! ಡಿಂಗಿ ಪಂದ್ಯದಲ್ಲಿ ಐದು ನಿಮಿಷ ಮುಂಚೆ ಒಂದು ಬಾವುಟ ಏರುತ್ತದೆ. ನಾಲ್ಕು ನಿಮಿಷವಿರುವಾಗ ನೀಲಿ ಬಟ್ಟೆಯ ನಡುವೆ ಬಿಳಿ ಚೌಕವಿರುವ ಇನ್ನೊಂದು ಏರುತ್ತದೆ. ಒಂದು ನಿಮಿಷವಿರುವಾಗ ಅದು ಇಳಿಯುತ್ತದೆ. ಕೊನೆಗೆ ಮೊದಲನೆಯದು ಇಳಿದರೆ ಪಂದ್ಯ ಶುರು. ಬಾವುಟದ ಜೊತೆಗೆ ಸದ್ದೂ ಆಗಬೇಕು, ಆದರೆ ಸದ್ದು ಆಗದಿದ್ದರೆ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದಲ್ಲ ಎಂದು ನಿಯಮವೇ ಹೇಳುತ್ತದೆ. ಆಗಬೇಕಾದದ್ದು ಆಗದಿದ್ದಾಗ ಆಗದ್ದನ್ನು ಗಮನಿಸಬಾರದೆಂಬ ಈ ಉದಾತ್ತ ತತ್ತ್ವವನ್ನು ಅಕ್ಷರದಲ್ಲಿ ಬರೆದಿಡುವ ಧೈರ್ಯ ಬೇರೆ ಯಾವ ಆಡಳಿತಕ್ಕೂ ಬಂದಿಲ್ಲ. ಆಚರಣೆಯಲ್ಲಿ ಮಾತ್ರ ಎಲ್ಲರೂ ಅದನ್ನೇ ಅನುಸರಿಸುತ್ತಾರೆ. ಗೆರೆ ದಾಟಿ ಒಂದು ದೋಣಿ ಮೊದಲೇ ನುಗ್ಗಿದರೆ ನೀಲಿ ಶಿಲುಬೆಯ ಬಿಳಿ ಬಾವುಟ. ಎಲ್ಲರೂ ನುಗ್ಗಿದರೆ ಮತ್ತೊಂದು, ಮತ್ತೆ ಮೊದಲಿನಿಂದ ಐದು ನಿಮಿಷ. ಹಾಗೂ ಹಟ ಹಿಡಿದರೆ ಕಪ್ಪು ಬಾವುಟ.

ಆದರೆ ಎಲ್ಲ ಬಾವುಟಗಳ ಚಕ್ರವರ್ತಿ ಎಂದರೆ ಕೆಂಪು ಬಿಳಿ ಪಟ್ಟೆಯ ‘ಎಪಿ’. ಅದರ ಅರ್ಥ, ಪಂದ್ಯ ಮುಂದಕ್ಕೆ ಹೋಗಿದೆ ಎಂದು. ಅದರ ಕೆಳಗೆ ‘ಎ’ ಬಾವುಟ ಕಟ್ಟಿದರೆ ಇವತ್ತು ಪಂದ್ಯವೇ ಇಲ್ಲ ಎಂದು. ಗಾಳಿಯಿಲ್ಲದ ಭಾನುವಾರ ಹಾಯಿಗಳೆಲ್ಲ ಒಣಹಾಕಿದ ಪಂಚೆಗಳಂತೆ ಜೋತುಬಿದ್ದಿರುವಾಗ, ಕ್ಲಬ್ಬಿನ ಹುಲ್ಲಿನ ಮೇಲೆ ಲೈಫ್ ಜಾಕೆಟ್ ತೊಟ್ಟು ಕೂತ ಸದಸ್ಯರು ಬೆಳಗಿನಿಂದ ಊಟದ ಹೊತ್ತಿನವರೆಗೆ ಈ ಬಾವುಟವನ್ನೇ ದಿಟ್ಟಿಸುತ್ತ ಸಾಧಿಸುವ ಏಕಾಗ್ರತೆ ತಪಸ್ಸಿಗೆ ಕಡಿಮೆಯಾದದ್ದಲ್ಲ. ದೋಣಿಯನ್ನು ನೀರಿಗಿಳಿಸಿದ್ದರೆ ಅದೆಲ್ಲ ಹಾಳಾಗುತ್ತಿತ್ತು.

ನೀರಿಗಿಳಿದ ಮೇಲಿನ ನಿಯಮಗಳ ಬಗ್ಗೆ ಹೆಚ್ಚು ಹೇಳಲಾರೆ, ಅವು ತಕ್ಕಮಟ್ಟಿಗೆ ಸರಳವಾಗಿರುವುದರಿಂದ ಸ್ತುತಿಗೆ ಅಷ್ಟು ಒದಗುವುದಿಲ್ಲ. ಗಾಳಿಯನ್ನು ಬಲಮಗ್ಗುಲಿನಿಂದ ಪಡೆಯುತ್ತಿರುವ ದೋಣಿಗೆ ಹಕ್ಕು, ಎಡಮಗ್ಗುಲಿನದು ದಾರಿ ಬಿಡಬೇಕು. ಹಕ್ಕುಳ್ಳವರು ಗಂಟಲು ಹರಿಯುವಂತೆ ‘ಸ್ಟಾರ್‌ಬೋರ್ಡ್!’ ಎಂದು ಕೂಗುವುದು ವಾಡಿಕೆ. ವಾರವೆಲ್ಲ ಆಫೀಸಿನಲ್ಲಿ ಯಾರ ಮೇಲೂ ದನಿಯೆತ್ತಲಾಗದವರಿಗೆ ಇದೊಂದು ಧನ್ವಂತರಿ ಚಿಕಿತ್ಸೆ. ಗುರುತಿನ ಸುತ್ತ ಮೂರು ದೋಣಿಯುದ್ದದ ಒಂದು ವಲಯವಿದೆ. ಅದರ ಗಡಿ ಯಾರ ಕಣ್ಣಿಗೂ ಕಾಣದು, ಅದನ್ನು ಯಾರೂ ಅಳೆಯುವುದಿಲ್ಲ, ಆದರೂ ಅದರೊಳಗೆ ಯಾರ ಮೂತಿ ಯಾರ ಬಾಲವನ್ನು ದಾಟಿತ್ತು ಎಂಬುದರ ಮೇಲೆ ವರ್ಷಗಟ್ಟಲೆ ಮಾತು ಬಿಟ್ಟ ಗೆಳೆಯರಿರುತ್ತಾರೆ. ತಪ್ಪೊಪ್ಪಿಕೊಂಡವನು ಅಲ್ಲೇ ನೀರಿನಲ್ಲಿ ದೋಣಿಯನ್ನು ಎರಡು ಸುತ್ತು ಹಾಕಿಸಿ ಶುದ್ಧನಾಗಬಹುದು. ಗುರುತಿಗೆ ತಾಗಿದ್ದಕ್ಕಾದರೆ ಒಂದೇ ಸುತ್ತು ಸಾಕು. ಆತ್ಮಪ್ರದಕ್ಷಿಣೆಯಿಂದ ಪಾಪ ಪರಿಹಾರವಾಗುತ್ತದೆಂದು ನಮ್ಮ ಹಿರಿಯರು ಹೇಳಿದ್ದನ್ನು ಪಡುವಣದವರು ಇಷ್ಟು ಶ್ರದ್ಧೆಯಿಂದ ಪಾಲಿಸುತ್ತಿರುವುದು ಹೆಮ್ಮೆಯ ಸಂಗತಿ.

ಒಪ್ಪಿಕೊಳ್ಳದವರಿಂದಲೇ ಕ್ರೀಡೆ ಅದರ ನಿಜವಾದ ಎತ್ತರಕ್ಕೆ ಏರುವುದು. ಎದುರಾಳಿಯತ್ತ ‘ಪ್ರೊಟೆಸ್ಟ್!’ ಎಂದು ಕೂಗಬೇಕು. ದೊಡ್ಡ ದೋಣಿಗಳಾದರೆ ಕೆಂಪು ಬಾವುಟವನ್ನೂ ತೋರಬೇಕು. ಆರು ಮೀಟರಿಗಿಂತ ಚಿಕ್ಕ ದೋಣಿಗೆ ಗಂಟಲೊಂದೇ ಸಾಕೆಂದು ನಿಯಮ ಕರುಣೆ ತೋರಿದೆ. ದಡಕ್ಕೆ ಬಂದು ನಿಗದಿತ ವೇಳೆಯೊಳಗೆ ಅರ್ಜಿ ಕೊಡಬೇಕು. ಗಾಳಿ ಎತ್ತಣದು, ಅಲೆ ಎಷ್ಟು, ಡಿಕ್ಕಿಯ ಹೊತ್ತಿಗೆ ಯಾರು ಎಲ್ಲಿದ್ದರು, ಎಲ್ಲಕ್ಕೂ ನಕ್ಷೆ ಬರೆಯಬೇಕು. ಆಮೇಲೆ ವಿಚಾರಣೆ. ಮೇಜಿನ ಮೇಲೆ ಬೆರಳುದ್ದದ ಗೊಂಬೆ ದೋಣಿಗಳನ್ನಿಟ್ಟು, ಐವತ್ತು ದಾಟಿದ ಇಂಜಿನಿಯರುಗಳು, ಲೆಕ್ಕಪರಿಶೋಧಕರು, ನಿವೃತ್ತ ಅಧಿಕಾರಿಗಳು ಅವನ್ನು ಹಿಂದೆ ಮುಂದೆ ಸರಿಸುತ್ತ, ಕಣ್ಣಲ್ಲಿ ನೀರು ತುಂಬಿಕೊಂಡು ನ್ಯಾಯ ಬೇಡುವ ಆ ದೃಶ್ಯವನ್ನು ಕಂಡವರು ಮಕ್ಕಳಾಟವೆಂದರೆ ಹಗುರವೆಂದು ಎಂದೂ ಭಾವಿಸಲಾರರು. ಹೊರಗೆ ಸಂಜೆಯ ಗಾಳಿ ಈಗ ಸೊಗಸಾಗಿ ಬೀಸತೊಡಗಿರುತ್ತದೆ, ಆ ಕಡೆ ತಿರುಗಿ ನೋಡಲು ಯಾರಿಗೂ ಪುರುಸೊತ್ತಿಲ್ಲ.

ಈ ಹಿರಿಮೆಗೆ ಮೇಲ್ಪಂಕ್ತಿ ಹಾಕಿಕೊಟ್ಟದ್ದು ಅಮೆರಿಕಾಸ್ ಕಪ್ ಎಂಬ ಹಾಯಿದೋಣಿ ಪಂದ್ಯ. 1988ರ ಸೆಪ್ಟೆಂಬರಿನಲ್ಲಿ ಸ್ಯಾನ್ ಡಿಯಾಗೋದಲ್ಲಿ ನ್ಯೂಜಿಲೆಂಡಿನ ಬೃಹತ್ ದೋಣಿಗೂ ಅಮೆರಿಕದ ಜೋಡಿಹೊಟ್ಟೆಯ ಕ್ಯಾಟಮರಾನಿಗೂ ಎರಡೇ ಎರಡು ರೇಸು ನಡೆದವು. ಗೆದ್ದವರಾರೆಂದು ತೀರ್ಮಾನಿಸಲು ಹೊರಟ ನ್ಯೂಯಾರ್ಕಿನ ನ್ಯಾಯಾಲಯಗಳು ಒಮ್ಮೆ ಇವರಿಗೆ, ಒಮ್ಮೆ ಅವರಿಗೆ ಕಪ್ಪು ಕೊಟ್ಟು, ಕೊನೆಯ ತೀರ್ಪು ಹೊರಬಿದ್ದಾಗ 1990 ಬಂದಿತ್ತು. ಗಾಳಿ ಕೆಲವೇ ಗಂಟೆಗಳಲ್ಲಿ ಮುಗಿಸಿಬಿಡಬಹುದಾಗಿದ್ದ ಸುಖವನ್ನು ಎರಡು ವರ್ಷಕ್ಕೆ ಹಿಗ್ಗಿಸಿದ ವಕೀಲರಿಗೆ ಕ್ರೀಡಾಲೋಕ ಇನ್ನೂ ಒಂದು ಪದಕ ಮಾಡಿಸದಿರುವುದು ಕೃತಘ್ನತೆಯೇ ಸರಿ.

ಅದೇ 1988ರ ಸೋಲ್ ಒಲಿಂಪಿಕ್ಸಿನಲ್ಲಿ ಕೆನಡಾದ ಲಾರೆನ್ಸ್ ಲೆಮ್ಯೂ ಎರಡನೆಯ ಸ್ಥಾನದಲ್ಲಿ ಸಾಗುತ್ತಿದ್ದವರು, ಬಿರುಗಾಳಿಗೆ ಮಗುಚಿದ ಸಿಂಗಪುರದ ದೋಣಿಯ ಇಬ್ಬರನ್ನು ಕಂಡು, ಪಂದ್ಯ ಬಿಟ್ಟು ಹೋಗಿ ಅವರನ್ನು ಎತ್ತಿಕೊಂಡರು. ಅಪಾಯದಲ್ಲಿರುವವರಿಗೆ ನೆರವಾಗಬೇಕೆಂಬುದೇ ಸಂಹಿತೆಯ ಮೊತ್ತಮೊದಲ ನಿಯಮ, ಅದು ಚಿಕ್ಕದಾಗಿದೆ. ಆಮೇಲೆ ತೀರ್ಪುಗಾರರು ಅವರಿಗೆ ಆ ರೇಸಿನಲ್ಲಿ ಎರಡನೆಯ ಸ್ಥಾನವನ್ನು ಮರಳಿಸಿದರು. ಭಾವುಕರು ಇಲ್ಲಿ ಎರಡು ಜೀವ ಉಳಿದದ್ದನ್ನು ಹಾಡಿಹೊಗಳುತ್ತಾರೆ. ಜೀವ ಎಲ್ಲೆಲ್ಲಿಯೋ ಉಳಿಯುತ್ತದೆ. ಅಂಕಪಟ್ಟಿ ಇಷ್ಟು ಅಚ್ಚುಕಟ್ಟಾಗಿ ಸರಿಹೋಗುವುದು ಅಪರೂಪ.

ಅಂಕ ಎಂದಾಗ ನೆನಪಾಯಿತು. ಇಲ್ಲಿ ಕಡಿಮೆ ಅಂಕ ಪಡೆದವನೇ ಗೆದ್ದವನು: ಮೊದಲಿಗನಿಗೆ ಒಂದು, ಎರಡನೆಯವನಿಗೆ ಎರಡು. ಕೆರೆಯ ಕಡೆ ತಲೆ ಹಾಕದವನಿಗೂ, ಸರಣಿಗೆ ಹೆಸರು ಕೊಟ್ಟವರ ಸಂಖ್ಯೆಗೆ ಒಂದು ಸೇರಿಸಿ ಗೌರವಪೂರ್ವಕ ಅಂಕವುಂಟು. ಹೀಗಾಗಿ ಸಣ್ಣ ಕ್ಲಬ್ಬಿನಲ್ಲಿ ಮಳೆಗಾಲದ ಸರಣಿಗೆ ತಪ್ಪದೆ ಬಂದ ಒಬ್ಬನೇ ಒಬ್ಬ ಪುಣ್ಯಾತ್ಮ, ಯಾರನ್ನೂ ಹಿಂದಿಕ್ಕದೆ, ಯಾರ ಕಣ್ಣಿಗೂ ಬೀಳದೆ, ಚಾಂಪಿಯನ್ ಆಗಿ ಬೆಳ್ಳಿಯ ಕಪ್ಪು ಎತ್ತಿಕೊಂಡು ಮನೆಗೆ ಹೋಗಬಹುದು. ನಿಷ್ಕಾಮ ಕರ್ಮಕ್ಕೆ ಇದಕ್ಕಿಂತ ಒಳ್ಳೆಯ ಫಲ ಯಾವ ಶಾಸ್ತ್ರವೂ ಹೇಳಿಲ್ಲ.

ಇಷ್ಟೆಲ್ಲ ಹೊಗಳಿಕೆ ಗೌನಿಪಲ್ಲಿಯಿಂದ ಯಾಕೆ ಎಂದು ಕೇಳುವವರು ಕೇಳಲಿ. ಕರ್ನಾಟಕದಲ್ಲಿ ಹಾಯಿ ಬಿಡುವವರು ಉಂಟು. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಇಂಜಿನಿಯರ್ ಗ್ರೂಪಿನ ಸೈನಿಕರು ಬಿಡುತ್ತಾರೆ. ಭೂಸೇನೆಯ ಇಂಜಿನಿಯರ್ ದಳದವರು ‘ತೃಷ್ಣಾ’ ಎಂಬ ದೋಣಿಯಲ್ಲಿ 1985ರಿಂದ 1987ರವರೆಗೆ ಭೂಮಿಯನ್ನೇ ಒಂದು ಸುತ್ತು ಹಾಕಿ ಬಂದರು. ಪಾಪ, ಅಷ್ಟು ದೂರದ ದಾರಿಯಲ್ಲಿ ಎದುರಾಳಿ ದೋಣಿ ಇಲ್ಲದ ಕಾರಣ ಒಂದು ಪ್ರೊಟೆಸ್ಟ್ ಹಾಕುವ ಭಾಗ್ಯ ಅವರಿಗೆ ಸಿಗಲಿಲ್ಲ. ಇವರೆಲ್ಲ ನೀರು ಮತ್ತು ಗಾಳಿಯ ಹಂಗಿನಲ್ಲಿರುವವರು. ನಾವು ಹಾಗಲ್ಲ. ಕೋಲಾರ ಜಿಲ್ಲೆಯ ನಮ್ಮ ಶ್ರೀನಿವಾಸಪುರ ತಾಲ್ಲೂಕೆಂದರೆ ಮಾವು, ಟೊಮೆಟೊ ಮತ್ತು ಸಾವಿರ ಅಡಿ ದಾಟಿದ ಕೊಳವೆಬಾವಿ. ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಕೆರೆಗಳು ಸಾವಿರಗಟ್ಟಲೆ ಇವೆ. 2021ರ ನವೆಂಬರಿನಂಥ ಮಳೆ ಬಂದರೆ ಕೋಡಿ ಬೀಳುತ್ತವೆ, ಹೆಣ್ಣುಮಕ್ಕಳು ಬಾಗಿನ ಬಿಡುತ್ತಾರೆ. ಉಳಿದ ವರ್ಷಗಳಲ್ಲಿ ಅವು ನಿಯಮಪಾಲನೆಗೆ ತೀರ ಅನುಕೂಲವಾದ ಸ್ಥಿತಿಯಲ್ಲಿರುತ್ತವೆ. ಹೂಳು ತುಂಬಿರುವುದರಿಂದ ಮುಳುಗುವ ಭಯವಿಲ್ಲ. ತೇಲುವ ಗುರುತು ಲಂಗರು ಕಿತ್ತು ಸರಿಯಿತೆಂದು ಬೇರೆ ಕಡೆ ಜಗಳವಾಗುತ್ತದೆ. ಇಲ್ಲಿ ಕೆರೆಯಂಗಳದ ತುಂಬ ಬೇರೂರಿರುವ ಜಾಲಿಮರಗಳು ಒಂದಂಗುಲವೂ ಅಲುಗುವುದಿಲ್ಲ. ರಾಜಕಾಲುವೆಯ ಒತ್ತುವರಿದಾರರು ದಯಮಾಡಿ ಹೊಸ ನೀರಿನ ಕಾಟವನ್ನೂ ತಡೆದಿಟ್ಟಿದ್ದಾರೆ. ಕೆರೆಗಳ ಸಂರಕ್ಷಣೆಗೆಂದು ರಾಜ್ಯ 2014ರಲ್ಲಿ ಕಾಯ್ದೆಯನ್ನೂ ಮಾಡಿದೆ, ಎಂದರೆ ಪುಸ್ತಕದ ಭಾಗ ಆಗಲೇ ಮುಗಿದಂತಾಯಿತು.

ನೀರೇ ಬೇಕೆಂದು ಹಟ ಹಿಡಿಯುವ ಸದಸ್ಯರಿಗೆ ಜಿಲ್ಲೆಯಲ್ಲಿ ಆ ಏರ್ಪಾಡೂ ಇದೆ. 2018ರಲ್ಲಿ ಲಕ್ಷ್ಮೀಸಾಗರ ಕೆರೆಯಿಂದ ಮೊದಲುಗೊಂಡು, ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯಲ್ಲಿ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ರಾಜಧಾನಿ ತಾನು ಒಮ್ಮೆ ಬಳಸಿ ನೋಡಿ, ಚೆನ್ನಾಗಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ನಮಗೆ ಕಳಿಸುವ ಈ ಸೌಜನ್ಯವನ್ನು ಮರೆಯುವಂತಿಲ್ಲ. ಮೂರನೆಯ ಹಂತದ ಶುದ್ಧೀಕರಣವೂ ಆಗಲಿ ಎಂದು ಇಲ್ಲಿನ ಹೋರಾಟಗಾರರು ಕೂಗುತ್ತಿರುವುದು ನಿಜ. ಕೂಗಿದ್ದು ಸರಿಯಾಗಿದೆ, ಆದರೆ ನಕ್ಷೆ ಲಗತ್ತಿಸಿದಂತಿಲ್ಲ.

ನಮ್ಮ ಪೂರ್ವಿಕರ ವಿಷಯದಲ್ಲಿ ಮಾತ್ರ ತಲೆ ತಗ್ಗಿಸಬೇಕಾಗುತ್ತದೆ. ಊರಿಗೊಬ್ಬ ನೀರುಗಂಟಿ ಇದ್ದ. ಮಳೆ ಬಂದ ರಾತ್ರಿ ಏರಿಯ ಮೇಲೆ ಲಾಟೀನು ಹಿಡಿದು ನಡೆಯುತ್ತಿದ್ದ, ಬೆಳಿಗ್ಗೆ ತೂಬು ಎತ್ತುತ್ತಿದ್ದ, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂಬುದನ್ನು ಬಾಯಿಮಾತಿನಲ್ಲೇ ತೀರ್ಮಾನಿಸುತ್ತಿದ್ದ. ಕೊನೆಯ ಗದ್ದೆಗೂ ನೀರು ತಲುಪಿಸುವುದು ಅವನ ಹೊಣೆ. ಇಷ್ಟಾದರೂ ಅವನ ಬಳಿ ಒಂದು ಬಾವುಟವಿರಲಿಲ್ಲ, ಅನುಬಂಧವಿರಲಿಲ್ಲ, ಅರ್ಜಿಯ ನಮೂನೆಯಿರಲಿಲ್ಲ. ಸುಗ್ಗಿಯಲ್ಲಿ ರೈತರು ಕೊಟ್ಟ ಒಂದಿಷ್ಟು ಧಾನ್ಯವನ್ನು ಕಟ್ಟಿಕೊಂಡು ಹೋಗುತ್ತಿದ್ದ. ನೀರಿದ್ದೂ ನಿಯಮಾವಳಿಯಿಲ್ಲದ ಆ ಕತ್ತಲೆಯ ಕಾಲದಿಂದ ನಿಯಮಾವಳಿಯಿದ್ದೂ ನೀರಿಲ್ಲದ ಈ ಬೆಳಕಿಗೆ ನಾವು ಬಂದಿರುವುದನ್ನು ಪ್ರಗತಿ ಎನ್ನದೆ ಬೇರೇನೆನ್ನೋಣ.

ಆದ್ದರಿಂದ ಕೋಡಿಗಾಗಿ ಕಾಯದೆ, ದೋಣಿಗಾಗಿ ಕಾಯದೆ, ಗೌನಿಪಲ್ಲಿಯಲ್ಲಿ ಹಾಯಿದೋಣಿ ಪಂದ್ಯದ ಸಮಿತಿಯೊಂದನ್ನು ಕೂಡಲೇ ರಚಿಸಬೇಕೆಂಬುದು ನನ್ನ ಸೂಚನೆ. ವಿಚಾರಣೆಗೆ ಕೂರುವವರು ಹಿತಾಸಕ್ತಿಯ ಘರ್ಷಣೆಯನ್ನು ಮುಂಚಿತವಾಗಿ ಹೇಳಿಕೊಳ್ಳಬೇಕೆಂದು ಸಂಹಿತೆ ವಿಧಿಸುತ್ತದೆ. ಇದಕ್ಕೂ ನಮ್ಮ ಸೀಮೆಯಷ್ಟು ಹದವಾದ ಜಾಗ ಸಿಗದು: ಅಧ್ಯಕ್ಷರು ಅರ್ಜಿದಾರನಿಗೆ ಸೋದರಮಾವ, ಎದುರುದಾರನಿಗೆ ಬೀಗರು, ಎರಡೂ ಕಡೆಯ ನಂಟು ಸಮ ತೂಗುವುದರಿಂದ ನ್ಯಾಯ ತಾನಾಗಿಯೇ ನಡುವೆ ನಿಲ್ಲುತ್ತದೆ. ತೀರ್ಪು ಕನ್ನಡದಲ್ಲಿರಲಿ, ಬೈಗುಳ ವಾಡಿಕೆಯಂತೆ ತೆಲುಗಿನಲ್ಲಿ ನಡೆಯಲಿ.

ಊರ ಮಹನೀಯರಲ್ಲಿ ವಿನಂತಿ: ಬಾವುಟಗಳಿಗೆ ಬಣ್ಣದ ಬಟ್ಟೆ, ಅರ್ಜಿಗಳಿಗೆ ಕಾಗದದ ರೀಮು, ಅಧ್ಯಕ್ಷರಿಗೆ ಕೈಯುಳ್ಳ ಕುರ್ಚಿ, ನೋಟಿಸ್ ಬೋರ್ಡಿಗೆ ಬೀಗ ಇವನ್ನು ಉದಾರವಾಗಿ ಕೊಡಿಸಬೇಕು. ದೋಣಿ ಕೊಡಲು ಮುಂದೆ ಬರುವ ದಾನಿಗಳು ಮಾತ್ರ ಸಮಿತಿಯ ಲಿಖಿತ ಅನುಮತಿ ಪಡೆದ ನಂತರವೇ ತರತಕ್ಕದ್ದು.