ಗಾಯಕರನ್ನು ಕಳೆಯುವ ಲೆಕ್ಕ

ಸ್ಟೀರಿಯೊ ಹಾಡಿನಲ್ಲಿ ಎಡಕ್ಕೊಂದು, ಬಲಕ್ಕೊಂದು ಚಾನೆಲ್ ಇರುತ್ತದೆ. ಪಿಟೀಲನ್ನು ಒಂದು ಪಕ್ಕಕ್ಕೆ, ಗಿಟಾರನ್ನು ಇನ್ನೊಂದು ಪಕ್ಕಕ್ಕೆ ಸರಿಸುವ ಸೌಂಡ್ ಎಂಜಿನಿಯರ್ ಗಾಯಕರನ್ನು ಮಾತ್ರ ನಟ್ಟನಡುವೆ ಕೂರಿಸುತ್ತಾನೆ. ಅಂದರೆ ಅವರ ದನಿಯನ್ನು ಎರಡೂ ಚಾನೆಲ್‌ಗಳಿಗೆ ಸಮನಾಗಿ ಹಂಚುತ್ತಾನೆ. ಈ ಮರ್ಯಾದೆಯೇ ಅವರಿಗೆ ಮುಳುವು. ಒಂದು ಚಾನೆಲ್‌ನ ತರಂಗವನ್ನು ತಲೆಕೆಳಗು ಮಾಡಿ ಇನ್ನೊಂದಕ್ಕೆ ಕೂಡಿಸಿದರೆ, ಎರಡರಲ್ಲೂ ಒಂದೇ ತೆರನಾಗಿದ್ದದ್ದೆಲ್ಲ ಸೊನ್ನೆಯಾಗುತ್ತದೆ. ಎಡದಿಂದ ಬಲವನ್ನು ಕಳೆಯುವ ಈ ಲೆಕ್ಕ ಆಡಾಸಿಟಿಯಂಥ ಪುಕ್ಕಟೆ ತಂತ್ರಾಂಶಕ್ಕೆ ಕ್ಷಣದ ಕೆಲಸ.

ತೊಂದರೆಯೆಂದರೆ, ನಡುವೆ ಕೂತವರು ಗಾಯಕರೊಬ್ಬರೇ ಅಲ್ಲ. ಬೇಸ್ ಗಿಟಾರು, ಡ್ರಮ್ಮಿನ ದಪ್ಪ ಪೆಟ್ಟುಗಳ ಠಿಕಾಣಿಯೂ ಸಾಮಾನ್ಯವಾಗಿ ಅಲ್ಲೇ. ಸುಮಾರು 120 ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನು ಕಳೆಯದೆ ಬಿಟ್ಟರೆ ಇವು ಒಂದಿಷ್ಟು ಉಳಿದುಕೊಳ್ಳುತ್ತವೆ. ಹೋಗಬೇಕಾದ ಗಾಯಕರೇ ಪೂರ್ತಿ ಹೋಗುವುದಿಲ್ಲ. ದನಿಗೆ ಬೆರೆಸಿದ ರಿವರ್ಬ್ (ಅನುರಣನ) ಎರಡು ಪಕ್ಕಕ್ಕೂ ಬೇರೆಬೇರೆಯಾಗಿ ಹರಡಿರುವುದರಿಂದ ಲೆಕ್ಕಕ್ಕೆ ಸಿಗದೆ ಉಳಿದು, ಯಾರೋ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಹಾಡುತ್ತಿರುವಂತೆ ಕೇಳಿಸುತ್ತದೆ.

ಹಳೆಯ ಚಿತ್ರಗೀತೆಗಳ ಮುಂದಂತೂ ಈ ವಿದ್ಯೆ ನಡೆಯುವುದೇ ಇಲ್ಲ. ಪಿ.ಬಿ. ಶ್ರೀನಿವಾಸ್ ಹಾಡಿದ 1960ರ ದಶಕದ ಕನ್ನಡ ಗೀತೆಗಳಲ್ಲಿ ಬಹುಪಾಲು ಮೊನೊ. ಎಡವೂ ಬಲವೂ ಒಂದೇ. ಕಳೆದರೆ ಗಾಯಕರ ಹಿಂದೆಯೇ ವಾದ್ಯವೃಂದವೂ ಗಂಟುಮೂಟೆ ಕಟ್ಟಿ, ಉಳಿಯುವುದು ಹೆಚ್ಚುಕಮ್ಮಿ ನಿಶ್ಶಬ್ದ. ಆರತಕ್ಷತೆಯ ಕರೋಕೆಗೆ ಇದೇ ಲೇಸು ಎನ್ನುವವರೂ ಉಂಟು.

ದನಿಯನ್ನಷ್ಟೇ ಉಳಿಸಿಕೊಳ್ಳುವುದು ಇನ್ನೂ ಕಷ್ಟ. ದನಿ ತೆಗೆದ ಹಾಡನ್ನು ಮೂಲ ಹಾಡಿನಿಂದ ಕಳೆದರೆ ದನಿ ಕೈಗೆ ಬರಬೇಕಲ್ಲವೇ ಎಂಬ ಉಪಾಯ ಎಲ್ಲರಿಗೂ ಹೊಳೆಯುತ್ತದೆ. ಆದರೆ ಎಡದಿಂದ ಬಲ ಕಳೆದು ಬಂದದ್ದನ್ನು ಮತ್ತೆ ಎಡದಿಂದ ಕಳೆದರೆ ಬರುವುದು ಬಲವೇ: ಗಾಯಕರು, ಬಾಜಾಬಜಂತ್ರಿ ಸಮೇತ.

ಯಂತ್ರಕಲಿಕೆ ಬಂದಮೇಲೆ ಎಡ-ಬಲದ ಹಂಗು ತಪ್ಪಿತು. ಫ್ರಾನ್ಸಿನ ಡೀಜರ್ ಕಂಪನಿ 2019ರಲ್ಲಿ ಬಿಟ್ಟ ಸ್ಪ್ಲೀಟರ್ ಎಂಬ ತಂತ್ರಾಂಶ, ದನಿಯ ಚಹರೆಯನ್ನು ಸಾವಿರಾರು ಹಾಡುಗಳಿಂದ ಕಲಿತು ಗುರುತಿಸುತ್ತದೆ. 1970ರ ದಶಕದ ಕ್ಯಾಸೆಟ್ಟೊಂದರಲ್ಲಿ ಪಿಯಾನೊದೊಳಗೆ ಹೂತುಹೋಗಿದ್ದ ಜಾನ್ ಲೆನನ್ ದನಿಯನ್ನು ಇಂಥದೇ ಜಾಣ್ಮೆಯಿಂದ ಬಿಡಿಸಿದ್ದರಿಂದ, ಬೀಟಲ್ಸ್‌ನ ‘ನೌ ಅಂಡ್ ದೆನ್’ 2023ರಲ್ಲಿ ಹೊರಬಂತು. ಸ್ಪ್ಲೀಟರ್ ಹಾಡನ್ನು ದನಿ, ಡ್ರಮ್, ಬೇಸ್, ‘ಇತರೆ’ ಎಂದು ನಾಲ್ಕು ಪಾಲು ಮಾಡಬಲ್ಲದು. ವೀಣೆ, ಕೊಳಲುಗಳಿಗೆ ಇತರೆಯಲ್ಲೇ ಜಾಗ. ಕರ್ನಾಟಕ ಸಂಗೀತದ ಕಛೇರಿ ಎದುರಾದರೆ ಅದೂ ತಡವರಿಸುತ್ತದೆ. ಗಾಯಕರ ಬೆನ್ನು ಬಿಡದಿರುವುದೇ ಪಿಟೀಲಿನ ಧರ್ಮವಾದ್ದರಿಂದ ಎರಡರ ಸ್ವರಗಳೂ ಒಂದರ ಮೇಲೊಂದು ಬಿದ್ದು, ದನಿಯ ಪಾಲಿಗೆ ಕಮಾನಿನ ಎಳೆಯೂ ಪಿಟೀಲಿರುವ ‘ಇತರೆ’ ಪಾಲಿಗೆ ಅರೆಬರೆ ಸಾಹಿತ್ಯವೂ ಬಂದುಬಿಡುತ್ತವೆ.